ಇಂಜಿನ್ ಆಮೇಲೆ, ಮೊದ್ಲು ಬ್ರೇಕು

ಮೊನ್ನೆ ಭಾನುವಾರ ಪಡಸಾಲೇಲಿ ಅವರೆಕಾಯಿ ಸುಲೀತಾ ಕೂತಿದ್ದೆ. ಮಾಗಡಿ ಕಡೆಯಿಂದ ಬಂದ ಕಾಯಿ, ಸೊಗಡು ಮನೆ ತುಂಬಾ ಹರಡಿತ್ತು. ಅಷ್ಟೊತ್ಗೆ ನಮ್ಮ ಮೈದುನ ಬಂದ. ಕಾಲು ಕೂಡ ತೊಳ್ಕೊಳ್ದೆ ಬಾಗಿಲಲ್ಲೇ ನಿಂತು, "ಅತ್ತಿಗೆ, ಸಿಕ್ತು!" ಅಂದ. ಮುಖ ನೋಡಿ ನಾನು ಹೆಣ್ಣು ಗೊತ್ತಾಯ್ತೇನೋ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಸಿಕ್ಕಿದ್ದು ಇಂಜಿನ್ನು.

"407 ಲಾರೀದು ಅತ್ತಿಗೆ. ಗಾಡಿ ಗುಜರಿಗೆ ಬಂದೈತೆ, ಇಂಜಿನ್ ಮಾತ್ರ ಗಟ್ಟಿ ಐತೆ. ನಮ್ಮ ಜೀಪಿಗೆ ಕೂರಿಸ್ಬಿಟ್ರೆ ಆನೆ ಎಳ್ದಂಗೆ ಎಳೀತದೆ. ಈ ಸಲ ತೇರಿಗೆ ಎಲ್ಲಾರೂ ಅದ್ರಲ್ಲೇ ಹೋಗೋಣ."

ನಮ್ಮ ಜೀಪು ನಿಮ್ಗೆಲ್ಲಾ ಗೊತ್ತಿರೋದೇ. ಮಾವನೋರು 1978ರಲ್ಲಿ ಸರ್ಕಾರಿ ಹರಾಜಲ್ಲಿ ಹಿಡ್ದಿದ್ದು. ಮಹೀಂದ್ರಾದೋರು ವಿಲ್ಲೀಸ್ ಕಂಪನಿ ನಕ್ಷೆ ಇಟ್ಕೊಂಡು ಮಾಡ್ತಿದ್ದ ಎತ್ತರದ ಬಾನೆಟ್ಟಿನ ಜೀಪು, ಸಿಜೆ 3ಬಿ ಅಂತಾರೆ. ನಾಲ್ಕು ಚಕ್ರಕ್ಕೂ ಎಳೆತ ಐತೆ. ಪೆಟ್ರೋಲ್ ಇಂಜಿನ್ನು, 2.2 ಲೀಟರ್‌ದು. ಈಗ ಅದಕ್ಕೆ ಉಬ್ಬಸ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಎದುರು ಮನೆ ಅಕ್ಕ ಒಣಗ್ಹಾಕಿದ ಬಟ್ಟೆ ಎತ್ಕೊಂಡು ಒಳಗೋಗ್ತಾರೆ, ಅಷ್ಟು ಹೊಗೆ. ಏನಾದ್ರೂ ಮಾಡ್ಲೇಬೇಕು, ಅದ್ರಲ್ಲಿ ನಂದೇನೂ ತಕರಾರಿಲ್ಲ. ಏನು ಮಾಡ್ಬೇಕು ಅನ್ನೋದ್ರಲ್ಲೇ ತಕರಾರು.

ಇದು ಗಂಡಸರ ವಿಷ್ಯ, ನಿಂಗ್ಯಾಕವ್ವ ಅಂತ ಕೇಳೋರು ಇರ್ತೀರಿ. ಎರಡು ಕಾರಣ ಹೇಳ್ತೀನಿ. ಒಂದು, ಇಂಜಿನ್ ಹಾಕೋರು ಮುಂದೆ ಕೂರ್ತಾರೆ. ಹಿಂದಗಡೆ ಅಡ್ಡ ಸೀಟಲ್ಲಿ ಮಕ್ಳನ್ನ ತೊಡೆ ಮೇಲೆ ಇಟ್ಕೊಂಡು ಕೂರೋರು ನಾವು. ಎರಡು, ಲಾರಿ ಇಂಜಿನ್ನಿಗೂ ಜೀಪಿನ ಗೇರ್‌ಬಾಕ್ಸಿಗೂ ಬೋಲ್ಟಿನ ತೂತು ಹೊಂದಲ್ಲ. ಮಧ್ಯದಲ್ಲಿ ಒಂದು ದಪ್ಪ ಪ್ಲೇಟು ಬೇಕು. ಆ ಪ್ಲೇಟು ಎಲ್ಲಾಗ್ತದೆ? ನಮ್ಮ ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳಲ್ಲೇ. ನಮ್ಮನೇವ್ರ ಅಂಗಡೀಲೂ ಆಗೈತೆ, ದುಡ್ಡೂ ಬಂದೈತೆ. ಹಂಗಾಗಿ ಈ ವಿಷ್ಯದಲ್ಲಿ ನಾವು ಬರೀ ಸವಾರಿ ಹೋಗೋರಲ್ಲ, ನಮ್ಮ ಕೈನೂ ಅದ್ರಲ್ಲಿ ಐತೆ.

ಮದ್ವೆಯಾಗಿ ಬಂದ ಹೊಸ್ತರಲ್ಲಿ ಊಟದ ಕ್ಯಾರಿಯರ್ ತಗೊಂಡು ಅಂಗಡಿಗೆ ಹೋಗ್ತಿದ್ದೆ. ಆ ಪ್ಲೇಟಿಗೆ ನಮ್ಮನೇವ್ರು ಡಯಲ್ ಗೇಜ್ ಇಟ್ಟು, ಮುಳ್ಳು ಅಲ್ಲಾಡ್ದಂಗೆ ನಿಲ್ಲೋ ತನಕ ಊಟಕ್ಕೇ ಏಳ್ತಿರ್ಲಿಲ್ಲ. "ಯಾಕ್ರೀ ಇಷ್ಟು?" ಅಂದ್ರೆ, "ಇಂಜಿನ್ ನಡುಮಧ್ಯ, ಗೇರ್‌ಬಾಕ್ಸ್ ನಡುಮಧ್ಯ ಒಂದೇ ಗೆರೇಲಿರ್ಬೇಕು. ಎಲ್ಡು ಕೂದಲೆಳೆಯಷ್ಟು ಪಕ್ಕಕ್ಕೋದ್ರೂ ಬೇರಿಂಗ್ ತಿಂದ್ಹಾಕ್ತದೆ, ಗೇರ್ ಜಾರ್ತದೆ" ಅಂತಿದ್ರು. ಅವ್ರು ಅಷ್ಟು ನಿಯತ್ತಾಗಿ ಮಾಡ್ಕೊಟ್ಟ ಪ್ಲೇಟು ಆಮೇಲೆ ಎಂಥಾ ಬ್ರೇಕಿನ ಗಾಡಿಗೆ ಹೋಯ್ತು ಅಂತ ನಾವು ಯಾವತ್ತೂ ಕೇಳ್ಲಿಲ್ಲ. ಅದೇ ಈಗ ನನ್ನನ್ನ ಕೊರೀತಿರೋದು.

ಮೊದ್ಲು ದುಡ್ಡಿನ ಲೆಕ್ಕ ನೋಡೋಣ. ಮೈದುನ ಹೇಳಿದ ಮೊದಲ್ನೇ ಮಾತೇ "ಡೀಸೆಲ್ ಆದ್ರೆ ಉಳಿತಾಯ ಅತ್ತಿಗೆ" ಅಂತ. ಸರಿ, ಅಂದು ಅವರೆಕಾಯಿ ಪಕ್ಕಕ್ಕಿಟ್ಟು, ಹಾಲಿನ ಲೆಕ್ಕದ ಪುಸ್ತಕ ತಗೊಂಡೆ. ನಮ್ಮ ಜೀಪು ಓಡೋದು ಊರಿಗೆ, ಹಬ್ಬಕ್ಕೆ, ರಾಗಿ ತರೋಕೆ. ವರ್ಷಕ್ಕೆ ಹೆಚ್ಚಂದ್ರೆ 1,500 ಕಿಲೋಮೀಟ್ರು. ಈಗ ಲೀಟರಿಗೆ 7 ಕೊಡ್ತದೆ. ಅಲ್ಲಿಗೆ 214 ಲೀಟರ್ ಪೆಟ್ರೋಲು. ಲೆಕ್ಕಕ್ಕೆ ಸಲೀಸಾಗ್ಲಿ ಅಂತ ಲೀಟರಿಗೆ 100 ರೂಪಾಯಿ ಹಿಡಿದ್ರೆ 21,400. ಡೀಸೆಲ್ ಇಂಜಿನ್ 12 ಕೊಡ್ತದೆ ಅನ್ನೋಣ. 125 ಲೀಟರ್, 90 ರೂಪಾಯಂಗೆ 11,250. ಉಳಿಯೋದು ವರ್ಷಕ್ಕೆ ಹತ್ತು ಸಾವ್ರ ಚಿಲ್ರೆ. ಇಂಜಿನ್ನು, ಪ್ಲೇಟು, ಕ್ಲಚ್ಚು, ರೇಡಿಯೇಟ್ರು, ವೆಲ್ಡಿಂಗು, ಕೂಲಿ ಎಲ್ಲಾ ಸೇರಿ ಅವನೇ ಹೇಳಿದ್ದು ಎರಡು ಲಕ್ಷ. ಹಾಕಿದ ದುಡ್ಡು ವಾಪಸ್ ಬರೋಕೆ ಇಪ್ಪತ್ತು ವರ್ಷ ಬೇಕು. ಅಷ್ಟೊತ್ಗೆ ಮೈದುನನ ಮಗ ಲೈಸೆನ್ಸ್ ತಗೊಂಡಿರ್ತಾನೆ!

ಹಂಗಂತ ಹಳಬ್ರು ಮಾಡಿದ್ದು ದಡ್ಡತನ ಅಂತ ನಾನು ಅನ್ನಲ್ಲ. ಆಗ ಡೀಸೆಲ್ಲಿಗೂ ಪೆಟ್ರೋಲಿಗೂ ಬೆಲೇಲಿ ಭಾರೀ ಅಂತರ ಇತ್ತು. ಡೀಸೆಲ್ ಬೆಲೇನ ಸರ್ಕಾರ ಹಿಡಿದಿಟ್ಟಿದ್ದು 2014ರ ಅಕ್ಟೋಬರ್ ತನಕ. ಬಿಟ್ಮೇಲೆ ಆ ಅಂತರ ಬರ್ತಾ ಬರ್ತಾ ಕರಗೋಯ್ತು. ಜೊತೆಗೆ ಅವ್ರ ಜೀಪು ದಿನಾ ದುಡೀತಿತ್ತು. ಜನ ತುಂಬ್ಕೊಂಡು, ತರಕಾರಿ ಹೇರ್ಕೊಂಡು ವರ್ಷಕ್ಕೆ 30,000 ಕಿಲೋಮೀಟ್ರು ಓಡೋ ಗಾಡಿಗೆ ಇದೇ ಲೆಕ್ಕ ಹಾಕಿ ನೋಡಿ, ಎರಡು ಲಕ್ಷ ಒಂದೇ ವರ್ಷದಲ್ಲಿ ಹುಟ್ತದೆ. ಅದಕ್ಕೇ ಮಲೆನಾಡಲ್ಲಿ, ಕೊಡಗಲ್ಲಿ, ನಮ್ಮ ಬಯಲುಸೀಮೇಲೂ ಎಷ್ಟೋ ಪೆಟ್ರೋಲ್ ಜೀಪಿಗೆ ಮ್ಯಾಟಡಾರ್ ಇಂಜಿನ್ ಬಂದು ಕೂತ್ಕೊಳ್ತು. ದುಡಿಯೋ ಎತ್ತಿಗೆ ಹಾಕೋ ಹಿಂಡಿ ಬೇರೆ, ಹಬ್ಬಕ್ಕೆ ಸಿಂಗಾರ ಮಾಡೋ ಎತ್ತಿಗೆ ಹಾಕೋದು ಬೇರೆ. ನಮ್ಮದು ಹಬ್ಬದ ಎತ್ತು.

ಇನ್ನು ಶಕ್ತಿ ವಿಷ್ಯ. "ಆನೆ ಥರ ಎಳೀತದೆ" ಅಂದ್ನಲ್ಲ, ಅದು ಸುಳ್ಳಲ್ಲ. ಡೀಸೆಲ್ ಇಂಜಿನ್ನಲ್ಲಿ ಸ್ಪಾರ್ಕ್ ಪ್ಲಗ್ ಇರಲ್ಲ. ಗಾಳೀನ ಹಿಂಡಿ ಹಿಂಡಿ, ಆ ಕಾವಿಗೇ ಡೀಸೆಲ್ ಹತ್ಕೊಳ್ಳೋ ಹಂಗೆ ಮಾಡ್ತಾರೆ. ಈ ಜೀಪಿನ ಪೆಟ್ರೋಲ್ ಇಂಜಿನ್ನು ಗಾಳೀನ ಏಳರಲ್ಲಿ ಒಂದು ಪಾಲಿಗೆ ಹಿಂಡಿದ್ರೆ, ಹಳೇ ಡೀಸೆಲ್ಲುಗಳು ಹೆಚ್ಚೂಕಮ್ಮಿ ಇಪ್ಪತ್ತರಲ್ಲಿ ಒಂದಕ್ಕೆ ಹಿಂಡ್ತವೆ. ಅದನ್ನ ತಡ್ಕೊಳ್ಳೋಕೆ ಇಂಜಿನ್ ಮೈ ದಪ್ಪ, ತೂಕ ಜಾಸ್ತಿ, ನಡುಕ ಜಾಸ್ತಿ. ಆ ತೂಕ ಎಲ್ಲಾ ಬೀಳೋದು ಮುಂದಿನ ಚಕ್ರದ ಮೇಲೆ. ಮುಂದಿನ ಬ್ಲೇಡ್ ಸೆಟ್ಟು ಕುಸೀತದೆ, ಸ್ಟೇರಿಂಗ್ ಒರಳುಕಲ್ಲು ತಿರುಗ್ಸಿದಂಗಾಗ್ತದೆ, ಬ್ರಾಕೆಟ್ ವೆಲ್ಡ್ ಮಾಡಿದ ಜಾಗದಲ್ಲಿ ಚಾಸಿ ಬಿರುಕು ಬಿಡಬೋದು. ಬರೀ ದೊಡ್ಡ ಕುಕ್ಕರ್ ತಂದ್ರೆ ಆಗಲ್ಲ ಕಣ್ರವ್ವ, ಒಲೆ ಕಾಲೂ ಅದನ್ನ ಹೊರ್ಬೇಕು.

ಓಟಾನೂ ಕಮ್ಮಿ ಆಗ್ತದೆ, ಇದನ್ನ ಯಾರೂ ಮುಂಚೆ ಹೇಳಲ್ಲ. ಜೀಪಿನ ಪೆಟ್ರೋಲ್ ಇಂಜಿನ್ನು ನಿಮಿಷಕ್ಕೆ 4,000 ಸುತ್ತು ಸುತ್ತಬಲ್ದು. ಲಾರಿ ಇಂಜಿನ್ನು 2,800ರ ಆಸುಪಾಸಿಗೇ ಸಾಕು ಅಂತದೆ, ಅದ್ರ ಜಾಯಮಾನವೇ ಹಂಗೆ. ಈ ಜೀಪಿನ ಹಿಂದಿನ ಆಕ್ಸಲ್ಲಲ್ಲಿ ಇಂಜಿನ್ ಕಡೆಯಿಂದ 5.38 ಸುತ್ತು ಬಂದ್ರೆ ಚಕ್ರ ಒಂದು ಸುತ್ತು ತಿರುಗ್ತದೆ. 2,800ನ 5.38ರಿಂದ ಭಾಗಿಸಿದ್ರೆ ಚಕ್ರಕ್ಕೆ ನಿಮಿಷಕ್ಕೆ 520 ಸುತ್ತು. ಒಂದು ಸುತ್ತಿಗೆ ಸುಮಾರು 2.2 ಮೀಟ್ರು. ಗಂಟೆಗೆ 69 ಕಿಲೋಮೀಟ್ರು, ಅದೂ ಇಂಜಿನ್ ಕಿರುಚ್ಕೊಂಡು. ಅದು ಬೇಡ ಅಂದ್ರೆ ಆಕ್ಸಲ್ ಒಳಗಿನ ಕ್ರೌನು, ಪಿನಿಯನ್ನು ಹಿಂದಕ್ಕೂ ಮುಂದಕ್ಕೂ ಎರಡೂ ಕಡೆ ಬದಲಾಯಿಸ್ಬೇಕು. ನಾಲ್ಕು ಚಕ್ರದ ಎಳೆತದ ಗಾಡಿ ತಾನೆ, ಒಂದು ಕಡೆ ಬದಲಾಯ್ಸಿ ಇನ್ನೊಂದು ಕಡೆ ಬಿಟ್ರೆ ಒಂದಕ್ಕೊಂದು ಜಗಳ ಆಡ್ತವೆ. ಖರ್ಚು ಅಲ್ಲೂ ಬೆಳೀತು. ಕಂಪನಿಯೋರೇ ಆಮೇಲೆ ಪ್ಯೂಜೋ ಡೀಸೆಲ್ ಇಂಜಿನ್ ಇಟ್ಟು ಎಂಎಂ 540 ಅಂತ ಜೀಪು ಮಾಡ್ದಾಗ, ಹಳೇ ಮೈಗೆ ಹೊಸ ಇಂಜಿನ್ ತುರುಕಿ ಕೈ ತೊಳ್ಕೊಳ್ಲಿಲ್ಲ. ಗಾಡೀನೇ ಉದ್ದ ಮಾಡಿದ್ರು, ಗೇರ್‌ಬಾಕ್ಸನ್ನೂ ಅದಕ್ಕೊಪ್ಪೋ ಹಂಗೆ ಕೊಟ್ರು.

ಈಗ ಬ್ರೇಕಿನ ಮಾತು. ಇದನ್ನ ಬರೆಯೋಕೇ ಕೂತಿದ್ದು.

ನಮ್ಮ ದೊಡ್ಡಪ್ಪನೋರ ಹತ್ರ ಇಂಥದ್ದೇ ಜೀಪಿತ್ತು. ದಿನಾ ಬಾಡಿಗೆ ಓಡ್ಸೋರು, ಅದಕ್ಕೇ ಡೀಸೆಲ್ ಹಾಕ್ಸಿದ್ರು. ನಂಗಾಗ ಹದಿನಾರು ವರ್ಷ. ಹೊಸ ಇಂಜಿನ್ ಕೂತ ಖುಷೀಲಿ ಎಲ್ಲಾರ್ನೂ ತುಂಬ್ಕೊಂಡು ದೇವರಾಯನದುರ್ಗಕ್ಕೆ ಹೊರಟ್ರು. ಹನ್ನೊಂದು ಜನ ಇದ್ವಿ. ಬುತ್ತಿಗೆ ಪುಳಿಯೋಗರೆ, ಮೊಸರನ್ನ. ಹತ್ತುವಾಗ ಅದೇನು ಗತ್ತು ಅಂತೀರಿ! ಮುಂಚೆ ಎರಡು ಕಡೆ ನಿಲ್ಸಿ ನೀರು ಹಾಕ್ಬೇಕಿತ್ತು, ಅವತ್ತು ಒಂದೇ ಉಸ್ರಿಗೆ ಮೇಲೆ. ದೊಡ್ಡಪ್ಪ ಮೀಸೆ ಮೇಲಿಂದ ಕೈ ತೆಗೀಲಿಲ್ಲ.

ಇಳೀವಾಗ ಮೂರ್ನೇ ತಿರುವಲ್ಲಿ ಸೀದ ವಾಸ್ನೆ ಬಂತು. ರೊಟ್ಟಿ ಕಪ್ಪಗಾದಾಗ ಬರ್ತದಲ್ಲ, ಹಂಗೆ. ನಮ್ಮ ದೊಡ್ಡಮ್ಮ "ಏನೋ ಸೀಯ್ತೈತೆ" ಅಂದ್ರು. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಆಮೇಲಿನ ತಿರುವಲ್ಲಿ ದೊಡ್ಡಪ್ಪ ಬ್ರೇಕ್ ತುಳಿದ್ರೆ ಪೆಡಲ್ಲು ನೆಲಕ್ಕೋಯ್ತು, ಗಾಡಿ ನಿಲ್ಲಿಲ್ಲ. ಅವ್ರು ಒಳ್ಳೇ ಡ್ರೈವರ್ರು. ಗೇರ್ ಇಳ್ಸಿ, ಎಡಗಡೆ ಮಣ್ಣು ದಿಬ್ಬಕ್ಕೆ ಗಾಡೀನ ಉಜ್ಜಿಸ್ಕೊಂಡೇ ಹೋಗಿ ನಿಲ್ಸಿದ್ರು. ಬಲಗಡೆ ಏನಿತ್ತು ಅಂತ ನಾನು ಹೇಳ್ಬೇಕಾಗಿಲ್ಲ. ಯಾರ ಜೀವಾನೂ ಹೋಗ್ಲಿಲ್ಲ. ಕಂಬಿ ಹಿಡ್ಕೊಂಡಿದ್ದ ದೊಡ್ಡಮ್ಮನ ಮಣಿಕಟ್ಟು ಮುರೀತು. ಆಮೇಲೆ ಅವ್ರು ಇರೋ ತನಕ ಮುದ್ದೆ ತಿರುವೋಕೆ ಆಗ್ಲಿಲ್ಲ. ಮನೇಲಿ ಆ ಜೀಪಿನ ಕತೆ ಹೇಳ್ವಾಗ ಎಲ್ಲಾರೂ ಇಂಜಿನ್ ಹತ್ತಿದ್ದನ್ನ ಹೇಳೋರು. ದೊಡ್ಡಮ್ಮನ ಕೈ ವಿಷ್ಯ ಅಡುಗೆಮನೇಲಿ ಮಾತ್ರ ಬರ್ತಿತ್ತು.

ಯಾಕಂಗಾಯ್ತು ಅಂತ ಎಷ್ಟೋ ವರ್ಷದ ಮೇಲೆ ನಮ್ಮನೇವ್ರು ಬಿಡ್ಸಿ ಹೇಳಿದ್ರು. ಈ ಜೀಪಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಒಂಬತ್ತು ಇಂಚಿನ ಚಿಕ್ಕ ಡ್ರಮ್ಮು. ಕಾಲಿನ ಬಲ ಬಿಟ್ರೆ ಬೂಸ್ಟರ್ ಗೀಸ್ಟರ್ ಏನೂ ಇಲ್ಲ. ಮೊದಲಿನ ಇಂಜಿನ್ನಿನ ತೂಕಕ್ಕೆ, ಮೊದಲಿನ ಓಟಕ್ಕೆ ಲೆಕ್ಕ ಹಾಕಿ ಮಾಡಿದ್ದು. ತೂಕ ಹೆಚ್ಚಾಗಿ, ಜನ ಹೆಚ್ಚಾಗಿ, ಇಳಿಜಾರಲ್ಲಿ ತುಳೀತಾನೇ ಇದ್ರೆ ಡ್ರಮ್ ಕಾಯ್ತದೆ, ಕಾದ್ರೆ ಲೈನರ್ ಹಿಡಿಯಲ್ಲ. ಇನ್ನೊಂದೈತೆ. ಪೆಟ್ರೋಲ್ ಗಾಡೀಲಿ ಆಕ್ಸಿಲರೇಟರ್ ಬಿಟ್ರೆ ಇಂಜಿನ್ನಿಗೆ ಹೋಗೋ ಗಾಳಿ ದಾರಿ ಮುಚ್ಕೊಳ್ತದೆ, ಇಂಜಿನ್ನೇ ಗಾಡೀನ ಹಿಂದಕ್ಕೆ ಹಿಡೀತದೆ. ಹಳೇ ಡೀಸೆಲ್ಲಲ್ಲಿ ಗಾಳಿ ದಾರಿ ಯಾವಾಗ್ಲೂ ತೆರೆದೇ ಇರ್ತದೆ, ನಿಲ್ಲೋದು ಡೀಸೆಲ್ ಮಾತ್ರ. ಅದಕ್ಕೇ ಇಳಿಜಾರಲ್ಲಿ ಅದು ಅಷ್ಟು ಹಿಡಿಯಲ್ಲ. ದೊಡ್ಡ ಲಾರಿಗಳಿಗೆ ಎಗ್ಸಾಸ್ಟ್ ಬ್ರೇಕು ಅಂತ ಬೇರೆ ಇಡೋದು ಇದಕ್ಕೇನೇ. ನಾವು ಲಾರಿಯಿಂದ ಇಂಜಿನ್ ತಂದ್ವಿ, ಲಾರಿಯ ಬ್ರೇಕು ತರ್ಲಿಲ್ಲ.

"ಬೂಸ್ಟರ್ ಹಾಕ್ಸಿದ್ರಾಯ್ತು" ಅಂದ ಮೈದುನ. ಹಾಕ್ಸು, ಬೇಡ ಅಂದೋರ್ಯಾರು? ಆದ್ರೆ ಬೂಸ್ಟರ್ ಕೆಲ್ಸ ಮಾಡೋಕೆ ಗಾಳಿ ಎಳೆಯೋ ಬಲ ಬೇಕು. ಪೆಟ್ರೋಲ್ ಇಂಜಿನ್ನಲ್ಲಿ ಅದು ತಾನಾಗೇ ಹುಟ್ತದೆ, ಡೀಸೆಲ್ಲಲ್ಲಿ ಹುಟ್ಟಲ್ಲ. ಅದಕ್ಕೆ ಆಲ್ಟರ್ನೇಟರ್ ಜೊತೇಲಿ ಓಡೋ ವ್ಯಾಕ್ಯೂಮ್ ಪಂಪು ಬೇಕು, ಆಮೇಲೆ ಡಿಸ್ಕ್ ಬ್ರೇಕು, ಅದಕ್ಕೆ ಸರಿಯಾದ ಮಾಸ್ಟರ್ ಸಿಲಿಂಡರು. ಅವನು ಕೊಟ್ಟ ಎರಡು ಲಕ್ಷದ ಪಟ್ಟೀಲಿ ಇದ್ಯಾವುದೂ ಇರ್ಲಿಲ್ಲ. ಹಾರನ್ ಇತ್ತು.

ಕಾಗದದ ವಿಷ್ಯ ಇನ್ನೂ ಗಂಭೀರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಿಸಿದೋರು ಕೊಟ್ಟ ವಿವರಕ್ಕೂ ಆರ್‌ಸಿ ವಿವರಕ್ಕೂ ವ್ಯತ್ಯಾಸ ಆಗೋ ಹಂಗೆ ಮಾಲೀಕ ಗಾಡೀನ ಬದಲಾಯಿಸೋ ಹಂಗಿಲ್ಲ. 2000ದ ತಿದ್ದುಪಡೀಲಿ ಈ ಮಾತು ಬಿಗಿ ಆಯ್ತು. 2019ರ ಜನವರೀಲಿ ಸುಪ್ರೀಂ ಕೋರ್ಟೂ ಕೇರಳದ ಒಂದು ಪ್ರಕರಣದಲ್ಲಿ ಅದನ್ನೇ ಎತ್ತಿ ಹಿಡೀತು. ಅದೇ ವರ್ಷದ ತಿದ್ದುಪಡೀಲಿ ಬಂದ 182ಎ ಕಲಂನಲ್ಲಿ, ಕಾನೂನು ಬಿಡದ ಒಂದೊಂದು ಮಾರ್ಪಾಡಿಗೂ ಐದು ಸಾವಿರ ದಂಡ, ಇಲ್ಲಾಂದ್ರೆ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ ಅಂತೈತೆ. ಹಳೇ ಕಾಲದಲ್ಲಿ ಆರ್‌ಟಿಓ ಒಪ್ಪಿಗೆ ತಗೊಂಡು ಆರ್‌ಸೀಲಿ "ಡೀಸೆಲ್" ಅಂತ ಬರೆಸ್ಕೊಂಡ ಜೀಪಿನ ಕತೆ ಬೇರೆ. ನಮ್ಮ ಆರ್‌ಸೀಲಿ ಪೆಟ್ರೋಲ್ ಅಂತೈತೆ, ಹಳೇ ಇಂಜಿನ್ ನಂಬರೈತೆ. ಬಾನೆಟ್ ಎತ್ತಿ ನೋಡಿದ್ರೆ ಗುಜರಿ ಲಾರಿ ನಂಬರ್ ಇರ್ತದೆ. ನಾಳೆ ಯಾರಿಗಾದ್ರೂ ತಾಗಿದ್ರೆ ಇನ್ಶೂರೆನ್ಸಿನೋರು ಮೊದ್ಲು ನೋಡೋದೇ ಅದನ್ನ. ಜೀಪು ಇನ್ನೂ ಮಾವನೋರ ಹೆಸ್ರಿಂದ ನಮ್ಮತ್ತೆ ಹೆಸ್ರಿಗೆ ಬಂದಿರೋದು. ಎಪ್ಪತ್ತೆಂಟು ವರ್ಷದ ನಮ್ಮತ್ತೆ ಕೋರ್ಟ್ ಮೆಟ್ಲು ಹತ್ಬೇಕಾ? ಇದನ್ನ ಕೇಳಿದಾಗ ಮೈದುನ ಸುಮ್ನಾದ.

ಅವನ ಪಕ್ಷಕ್ಕೂ ಒಂದು ಮಾತು ಹೇಳ್ತೀನಿ. "ಹಳೇ ಪೆಟ್ರೋಲ್ ಇಂಜಿನ್ನಿಗೆ ಸಾಮಾನು ಸಿಗಲ್ಲ ಅತ್ತಿಗೆ, 407ಕ್ಕೆ ಹಾದೀಲಿ ಬೀದೀಲಿ ಸಿಗ್ತದೆ" ಅಂದ. ನಿಜಾನೇ. ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂತ ಎರಡು ಶನಿವಾರ ಅಲೀಬೇಕಾಯ್ತು. ಆದ್ರೆ ಸಿಕ್ತು. ಅಪ್ಪನ ಜೀಪು ಹುಡುಗರ ಹೊಸ ಗಾಡಿಗಳ ಮುಂದೆ ಉಬ್ಬಸ ಪಡೋದನ್ನ ನೋಡೋಕೆ ಅವನಿಗೆ ಸಂಕಟ, ಅದೂ ನಂಗೆ ಗೊತ್ತು. ಅಪ್ಪ ಹೋದ್ಮೇಲೆ ಅವನು ಮುಟ್ಟಿ ಮಾತಾಡ್ಸೋದು ಅದನ್ನೊಂದೇ. ಅದಕ್ಕೇ ಜೀಪು ಮಾರ್ಬಿಡು ಅಂತ ನಾನು ಒಂದಿನಾನೂ ಅಂದಿಲ್ಲ.

ನಾನಂದಿದ್ದು ಇಷ್ಟು. ಮೊದ್ಲು ಡ್ರಮ್ಮು ತಿರುಗ್ಸಿ ಸಮ ಮಾಡ್ಸು, ಹೊಸ ಲೈನರ್ ಹಾಕ್ಸು, ಮಾಸ್ಟರ್ ಸಿಲಿಂಡರು, ಬ್ರೇಕ್ ಪೈಪು ಎಲ್ಲಾ ಹೊಸದು. ಆಮೇಲೆ ಇರೋ ಇಂಜಿನ್ನನ್ನೇ ಇಳ್ಸಿ ಬೋರಿಂಗ್ ಮಾಡ್ಸು, ಪಿಸ್ಟನ್ನು, ರಿಂಗು ಹೊಸದು ಕೂರ್ಸು, ಕ್ರ್ಯಾಂಕ್ ಗ್ರೈಂಡಿಂಗ್ ಮಾಡ್ಸು, ವಾಲ್ವ್ ಸೀಟ್ ಸರಿ ಮಾಡ್ಸು. ಇದೆಲ್ಲಾ ನಮ್ಮ ಮನೆಯಿಂದ ನಾಲ್ಕು ರಸ್ತೆ ಒಳಗೇ ಆಗೋ ಕೆಲ್ಸ. ಎಲ್ಲಾ ಸೇರಿ ಹೇಳಿದ್ದು 85,000. ಆನೆ ಥರ ಎಳೀದಿದ್ರೂ ಹೊಗೆ ನಿಲ್ತದೆ, ಊರು ಮುಟ್ಟಿಸ್ತದೆ, ಆರ್‌ಸೀಲಿರೋ ನಂಬರೇ ಬಾನೆಟ್ ಒಳಗೂ ಇರ್ತದೆ.

ಅವತ್ತು ರಾತ್ರಿ ಹಿತಕಿದ ಅವರೆಬೇಳೆ ಸಾರು ಬಡಿಸ್ತಾ ನಮ್ಮನೇವ್ರಿಗೂ ಒಂದು ಮಾತು ಹೇಳ್ದೆ. "ಇನ್ಮೇಲೆ ಯಾರಾದ್ರೂ ಈ ಥರ ಪ್ಲೇಟ್ ಮಾಡ್ಕೊಡಿ ಅಂತ ಬಂದ್ರೆ, ಆರ್‌ಸಿ ತೋರ್ಸಿ, ಬ್ರೇಕಿಗೇನು ಮಾಡಿದ್ದೀರ ಹೇಳಿ ಅಂತ ಕೇಳ್ರಿ." ಅವ್ರು ನಕ್ಕರು. "ಹಂಗೆ ಕೇಳಿದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ, ಅಲ್ಲಿ ಗೇಜೂ ಇಡಲ್ಲ" ಅಂದ್ರು. ಅದೂ ದಿಟವೇ. ನಂಗೆ ಅದಕ್ಕೆ ಉತ್ರ ಇರ್ಲಿಲ್ಲ. ಆದ್ರೂ "ಹೋಗ್ಲಿ ಬುಡ್ರಿ, ನಮ್ಮ ಕೈಯಿಂದ ಬೇಡ" ಅಂದೆ. ಅವ್ರು ಏನೂ ಅನ್ನದೆ ಇನ್ನೊಂದು ಮುದ್ದೆ ಹಾಕಿಸ್ಕೊಂಡ್ರು. ಬುಧವಾರ ಒಬ್ರು ಬಂದಿದ್ರಂತೆ, ಪ್ಲೇಟಿನ ಅಳತೆ ಹಿಡ್ಕೊಂಡು. ಆರ್‌ಸಿ ಕೇಳಿದ್ರಂತೆ. ಆ ಮನುಷ್ಯ ನಾಳೆ ತರ್ತೀನಿ ಅಂತೋದೋರು ಇನ್ನೂ ಬಂದಿಲ್ಲ.

ನಿಮ್ಮನೇಲೂ, ನಿಮ್ಮ ತವರಲ್ಲೂ ಇಂಥಾ ಜೀಪಿದ್ರೆ ಒಂದು ಕೆಲ್ಸ ಮಾಡಿ. ಆರ್‌ಸಿ ತೆಗೆದು ಇಂಧನ ಅನ್ನೋ ಕಡೆ ಏನೈತೆ ನೋಡಿ, ಬಾನೆಟ್ ಎತ್ತಿಸಿ ಇಂಜಿನ್ ನಂಬರ್ ಓದಿಸಿ. ಇಳಿಜಾರಿನ ದಾರಿಗೆ ಹೊರಡೋ ಮುಂಚೆ ಬ್ರೇಕ್ ಯಾವಾಗ ಮಾಡ್ಸಿದ್ದು ಅಂತ ಕೇಳಿ. ಕೇಳಿದ್ರೆ ಗಂಡಸ್ರು ಮುಖ ದಪ್ಪ ಮಾಡ್ಕೊಳ್ತಾರೆ, ಮಾಡ್ಕೊಳ್ಳಿ. ಸೀದ ವಾಸ್ನೆ ಮೊದ್ಲು ಗೊತ್ತಾಗೋದು ಹಿಂದೆ ಕೂತೋರಿಗೆ. ಬಂದ ತಕ್ಷಣ ಗಾಡಿ ನಿಲ್ಸಿ ಅನ್ನಿ, ನಿಲ್ಲೋ ತನಕ ಬಿಡ್ಬೇಡಿ.

ನಮ್ಮ ಜೀಪಿನ ಇಂಜಿನ್ ಈಗ ಬಿಚ್ಚಿ ಬೋರಿಂಗಿಗೆ ಹೋಗೈತೆ. ಮೈದುನ ನನ್ನ ಹತ್ರ ಎರಡು ದಿನ ಸರಿಯಾಗಿ ಮಾತಾಡ್ಲಿಲ್ಲ. ಮೂರ್ನೇ ದಿನ ಹೊಸ ಬ್ರೇಕ್ ಲೈನರ್ ಡಬ್ಬಿ ತಂದು ಅಡುಗೆಮನೆ ಕಟ್ಟೆ ಮೇಲಿಟ್ಟು, "ನೋಡ್ಕೊಳಿ ಅತ್ತಿಗೆ" ಅಂತಂದು ಕಾಫಿ ಕೇಳ್ದ. ಈ ಸಲ ಮಾಗಡಿ ರಂಗನಾಥಸ್ವಾಮಿ ತೇರಿಗೆ ಅದ್ರಲ್ಲೇ ಹೋಗೋದು. ಹಿಂದೆ ನಾಲ್ಕೇ ಜನ. ಉಳಿದೋರು ಮಾಗಡಿ ರಸ್ತೇಲಿ ಬಸ್ ಹತ್ಕೊಂಡ್ ಬನ್ನಿ, ಜಾಗ ಹಿಡ್ದಿರ್ತೀವಿ.